ತಳ್ಳು ಅಂದರೋ, ತಾಳು ಅಂದರೋ

ಮಾರ್ಚ್ 2, ಸೋಮವಾರ

ಡಾಕ್ಟರು ಕೊಟ್ಟ ತಾರೀಖು ನಿನ್ನೆಗೆ ಮುಗಿಯಿತು. ಮಗು ಬಂದಿಲ್ಲ. ಮಗಳ ಹೊಟ್ಟೆ ಮಾತ್ರ ಅವಳಿಗಿಂತ ಒಂದು ಹೆಜ್ಜೆ ಮುಂಚೆ ಎಲ್ಲ ರೂಮಿಗೂ ಬರುತ್ತದೆ. ಅವಳಿಗೆ ಸಿಟ್ಟೋ ಸಿಟ್ಟು. ಯಾರ ಮೇಲೆ ಅಂತ ಅವಳಿಗೂ ಗೊತ್ತಿಲ್ಲ, ಹಾಗಾಗಿ ಕೈಗೆ ಸಿಕ್ಕ ನನ್ನ ಮೇಲೆ.

ಇವತ್ತು ಆಸ್ಪತ್ರೆಗೆ ಹೋಗಿದ್ದೆವು. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಗೋಡೆ ಕಡೆ ತಿರುಗಿ ಕೈ ತೊಳೆಯುತ್ತಾ ಏನೋ ಅಂದರು. "ಏನ್ ಕಾಯಿಸೋದು ಡಾಕ್ಟ್ರೇ, ಹಾಲಾ?" ಅಂದೆ. ಅವರು ನಾಲ್ಕು ದಿನ ಕಾಯೋಣ ಅಂದಿದ್ದರಂತೆ. ಡಾಕ್ಟರಮ್ಮ ನಕ್ಕರು, ನರ್ಸು ನಕ್ಕಳು, ಬಾಗಿಲಲ್ಲಿ ನಿಂತಿದ್ದ ಇನ್ನೊಬ್ಬ ಬಸುರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಷ್ಟು ಜನ ನಕ್ಕ ಮೇಲೆ ನಾನೂ ಸುಮ್ಮನಿರಲಿಲ್ಲ. "ಹೌದಲ್ವಾ, ಹಾಲು ಹೆತ್ತ ಮೇಲೆ ತಾನೆ ಬರೋದು" ಅಂತ ಒಂದು ಒಗ್ಗರಣೆ ಹಾಕಿದೆ. ಮಗಳೊಬ್ಬಳು ನಗಲಿಲ್ಲ.

ವಾಪಸ್ ಬರುವಾಗ ಅಳಿಯ ಕಾರು ಓಡಿಸಿದ. ಅಳಿಯ ಲಿಫ್ಟ್ ಮೆಕ್ಯಾನಿಕ್ಕು, ಜನರನ್ನು ಮೇಲೆ ಕೆಳಗೆ ಮಾಡಿಯೇ ಸಂಬಳ ತೆಗೆದುಕೊಳ್ಳುವವನು. ಪೊದೆಯಂಥ ಮೀಸೆ, ದನಿ ಮಾತ್ರ ಸಣ್ಣದು. ನಾನು ಅವನಿಗೆ ಇಟ್ಟ ಹೆಸರು ಮೀಸೆ. ಮಗಳು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ಆ ಸ್ಕೂಲಿನ ಕಾರುಗಳಲ್ಲಿ ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕು ಇರುತ್ತದೆ. ಮನೆಯ ಕಾರಿನಲ್ಲಿ ಇಲ್ಲ. ಆದರೂ ಸಿಗ್ನಲ್ಲು ಬಂದಾಗಲೆಲ್ಲ ಇವಳು ಇಲ್ಲದ ಬ್ರೇಕನ್ನು ಒತ್ತುತ್ತಾಳೆ.

ಹಾಗೆ ಒತ್ತುತ್ತಲೇ ಹಿಂದಕ್ಕೆ ತಿರುಗಿ, "ಅಮ್ಮ, ನೀನು ಸ್ವಲ್ಪ ಕಿವಿ ತೋರಿಸ್ಕೋ" ಅಂದಳು.

ಕೂದಲು ಸರಿಸಿದೆ. "ಇದು ಬಲ, ಇದು ಎಡ. ನೋಡ್ಕೊಂಡ್ಯಾ?"

"ನಿಂಗೆ ಎಲ್ಲಾ ಆಟ."

ಆಟವಂತೆ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಯಿಂದ ಅನ್ನ ತಿಂದವಳು ನಾನು. ಆ ಕಡೆಯವರು ನಂಬರು ಹೇಳುವ ಮುಂಚೆ ಬರೀ ಉಸಿರು ಕೇಳಿ ಯಾರು ಅಂತ ಹೇಳುತ್ತಿದ್ದೆ. ಒಂದು ಸಲ, ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ಸಿಡುಕು ಸಾಹೇಬರಿಗೆ ಒಂದೇ ಹೊತ್ತಿಗೆ ಗಂಟೆ ಬಾರಿಸಿ ಲೈನು ಸೇರಿಸಿಬಿಟ್ಟೆ. "ಹೇಳಿ, ಯಾಕೆ ಫೋನ್ ಮಾಡಿದ್ರಿ?" "ನೀವು ಹೇಳಿ, ಮಾಡಿದ್ದು ನೀವು!" ಅಂತ ಹನ್ನೊಂದು ನಿಮಿಷ ಕಿತ್ತಾಡಿದರು. ಒಂದು ಅಕ್ಷರ ಬಿಡದೆ ಕೇಳಿದ್ದೇನೆ. ಈಗಿನವರೆಲ್ಲ ಬಾಯಲ್ಲಿ ಹತ್ತಿ ಇಟ್ಟುಕೊಂಡು ಮಾತಾಡಿದರೆ ನನ್ನ ಕಿವಿ ಯಾಕೆ ತೋರಿಸಬೇಕು? ಅವರು ಬಾಯಿ ತೋರಿಸಿಕೊಳ್ಳಲಿ.

ಮಾರ್ಚ್ 4, ಬುಧವಾರ

ಮಗು ಇಲ್ಲ. ಮೀಸೆಯೂ ಇಲ್ಲ.

ಬೆಳಿಗ್ಗೆ ಬಚ್ಚಲಿನಿಂದ ಯಾರೋ ಬೇರೆ ಗಂಡಸು ಹೊರಗೆ ಬಂದ ಹಾಗಾಯಿತು. ನೋಡಿದರೆ ಅಳಿಯ. ಮೂತಿ ಸಿಪ್ಪೆ ತೆಗೆದ ಆಲೂಗಡ್ಡೆ.

"ಏನ್ರೀ ಅಳಿಯಂದ್ರೇ, ಯಾರ ಹತ್ರ ಪಂದ್ಯ ಸೋತ್ರಿ?"

"ಸೆಖೆ, ಅತ್ತೆ" ಅಂದ.

ಕಾಲೇಜಿನ ಕಾಲದಿಂದ ಸಾಕಿದ ಮೀಸೆ ಒಂದು ಸೆಖೆಗೆ ಹೋಯಿತು. ಆದರೆ ಒಂದು ಮಾತು ಬರೆಯಲೇಬೇಕು. ಮೀಸೆ ತೆಗೆದ ಮೇಲೆ ಹುಡುಗ ಮಾತು ಬಿಡಿಸಿ ಆಡುವುದನ್ನು ಕಲಿತಿದ್ದಾನೆ. ಮದುವೆಯಾಗಿ ನಾಲ್ಕು ವರ್ಷಕ್ಕೆ ಅವನು ಹೇಳಿದ್ದು ಒಂದೇ ಸಲಕ್ಕೆ ತಿಳಿದದ್ದು ಇವತ್ತೇ. ಬಾಯಿಗೆ ಗಾಳಿ ಆಡಿದರೆ ಎಷ್ಟು ಒಳ್ಳೆಯದು ನೋಡಿ.

ಮಗಳು ಮೀಸೆಗಾಗಿ ಅತ್ತಳು. ಆಮೇಲೆ ಮೀಸೆಗೆಲ್ಲ ಅತ್ತೆನಲ್ಲ ಅಂತ ಸಿಟ್ಟಾದಳು. ಆಮೇಲೆ ನಾನು ಬಾಗಿಲು ಜೋರಾಗಿ ಹಾಕುತ್ತೇನೆ ಅಂತ ಸಿಟ್ಟಾದಳು. ನಾನು ಮೆತ್ತಗೇ ಹಾಕಿದ್ದೆ.

ಮಾರ್ಚ್ 5, ಗುರುವಾರ

ಮಧ್ಯಾಹ್ನ ನೋವು ಬಂತು. ಬ್ಯಾಗು ಹೊತ್ತು ನಾಲ್ಕು ಮಹಡಿ ಇಳಿದೆವು. ಲಿಫ್ಟ್ ಮೆಕ್ಯಾನಿಕ್ಕು ವಾಸ ಮಾಡುವ ಕಟ್ಟಡದಲ್ಲೇ ಲಿಫ್ಟು ಕೆಟ್ಟು ಹದಿನೈದು ದಿನವಾಯಿತು. ಅದು ಬೇರೆ ಕಂಪನಿಯದಂತೆ, ಇವನು ಮುಟ್ಟುವ ಹಾಗಿಲ್ಲವಂತೆ. ಆಸ್ಪತ್ರೆಯಲ್ಲಿ ಒಂದು ಗಂಟೆ ಮಲಗಿಸಿ, ಇದು ಸುಳ್ಳು ನೋವು, ಮನೆಗೆ ಹೋಗಿ ಅಂದರು. ನಾಲ್ಕು ಮಹಡಿ ಹತ್ತಿದೆವು.

"ಸುಳ್ಳು ನೋವಂತೆ" ಅಂತ ಮಗಳು ಒಂದೊಂದು ಮಹಡಿಗೂ ನಿಂತು ಹೇಳಿದಳು. "ಅವ್ರಿಗೆ ಬರಬೇಕಿತ್ತು, ಎಷ್ಟು ಸತ್ಯ ಅಂತ ಗೊತ್ತಾಗ್ತಿತ್ತು."

ಮೇಲೆ ಬಂದು ಕಾಲು ಚಾಚಿ ಕೂತು ಆಸ್ಪತ್ರೆಯ ಫಾರಂ ತೆಗೆದಳು. ಹೆರಿಗೆ ಕೋಣೆಗೆ ಜೊತೆಗೆ ಒಬ್ಬರನ್ನೇ ಬಿಡುತ್ತಾರೆ. ಯಾರು ಅಂತ ಬರೆಯಬೇಕು. ಗಂಡನನ್ನು ಬರೆಯುವ ಹಾಗಿಲ್ಲ. ಹತ್ತನೇ ಮಹಡಿಯಲ್ಲಿ ಲಿಫ್ಟಿನ ಬಾವಿಯೊಳಗೆ ಹಗ್ಗ ಹಿಡಿದು ನೇತಾಡುವ ಮನುಷ್ಯ ಸೂಜಿ ಕಂಡರೆ ನೆಲಕ್ಕೆ ಬೀಳುತ್ತಾನೆ. ಹೋದ ಸಲ ಇವಳ ರಕ್ತ ಪರೀಕ್ಷೆಗೆ ಹೋಗಿ, ಇವನಿಗೇ ಗ್ಲೂಕೋಸ್ ಕುಡಿಸಿ ಕಳಿಸಿದ್ದರು.

"ನಿನ್ನ ಹೆಸರೇ ಬರೀತೀನಿ" ಅಂದಳು. "ನಂಗೆ ಭಯ ಆಗ್ತಿದೆ ಅಮ್ಮ. ಒಳಗೆ ಯಾರು ಏನಂತಾರೋ ತಲೆಗೆ ಹೋಗಲ್ಲ. ನೀನು ಹೇಳು, ನಾನು ಮಾಡ್ತೀನಿ. ನಿನ್ನ ದನಿ ಕೇಳಿಸ್ತಿದ್ರೆ ಸಾಕು. ಆದ್ರೆ ಒಳಗೆ ತಮಾಷೆ ಇಲ್ಲ."

"ಇಲ್ಲ."

"ಪದ ತಿರುಚೋದೂ ಇಲ್ಲ."

"ಇಲ್ಲ ಮಾರಾಯ್ತಿ. ಬಸಿರಲ್ಲಿ ಉಸಿರಿರೋವರೆಗೂ ಇಲ್ಲ" ಅಂದೆ.

"ನೋಡು, ಶುರು ಮಾಡ್ದೆ."

ನನ್ನ ಹೆಸರು ಬರೆದಳು. ಫಾರಂ ಮಡಚಿ ಬ್ಯಾಗಿನ ಮೇಲಿನ ಜೇಬಿಗೆ ಹಾಕಿದವಳು ನಾನೇ.

ಮಾರ್ಚ್ 6, ಶುಕ್ರವಾರ, ಬೆಳಿಗ್ಗೆ

ಆಸ್ಪತ್ರೆಯಲ್ಲಿದ್ದೇವೆ. ಈ ಸಲ ನಿಜ.

ಏಳು ಗಂಟೆಗೆ ನಾನು ಚಹಾಕ್ಕೆ ಇಟ್ಟಿದ್ದೆ. ಮಗಳು ಬಚ್ಚಲಿನಿಂದ, "ಅಮ್ಮಾ, ನೀರು ಹೋಯ್ತು!" ಅಂತ ಕಿರುಚಿದಳು. ಪೂರ್ತಿ ಬಾಯಿಬಿಟ್ಟು ಕಿರುಚಿದ್ದು, ಚೆನ್ನಾಗಿಯೇ ಕೇಳಿಸಿತು. ಈ ಕಟ್ಟಡದಲ್ಲಿ ವಾರಕ್ಕೆರಡು ಸಲ ನೀರು ಹೋಗುತ್ತದೆ. ಅಡುಗೆಮನೆಯಲ್ಲಿ ಹಿಡಿದಿಟ್ಟಿದ್ದ ತುಂಬಿದ ಬಕೆಟ್ಟು ಎತ್ತಿಕೊಂಡು, ಸೊಂಟ ಹಿಡಿದುಕೊಂಡು ಹೋಗಿ ಬಾಗಿಲು ತಟ್ಟಿದೆ. ತೆರೆದಳು. ಕಾಲಡಿಯೆಲ್ಲ ನೀರು.

"ಇಷ್ಟು ನೀರಿದೆಯಲ್ಲೇ!" ಅಂದೆ.

"ಅಮ್ಮ, ಹೋಗಿದ್ದು ನಂದು!"

ಬಕೆಟ್ಟು ನನ್ನ ಕೈಯಲ್ಲೇ ಇತ್ತು. ಅವಳು ಬಕೆಟ್ಟು ನೋಡಿದಳು, ನನ್ನನ್ನು ನೋಡಿದಳು. "ಇವತ್ತೂ ತಮಾಷೆನಾ? ಇವತ್ತೂ?"

ಈ ಸಲ ನನ್ನ ತಪ್ಪೇನೂ ಇಲ್ಲ. ನಲ್ಲಿಯ ನೀರಿಗೂ ಹೊಟ್ಟೆಯ ನೀರಿಗೂ ಒಂದೇ ಮಾತು ಇಟ್ಟವರನ್ನು ಕೇಳಬೇಕು. ಆದರೆ ಹಾಗಂತ ಅವಳಿಗೆ ಹೇಳಲು ಹೋಗಲಿಲ್ಲ. ತಮಾಷೆ ಅಂತಲೇ ಅಂದುಕೊಂಡಳು. ಅಂದುಕೊಳ್ಳಲಿ.

ಮಾರ್ಚ್ 6, ಮಧ್ಯಾಹ್ನ

ಎರಡು ಸೆಂಟಿಮೀಟರು. ಗರ್ಭದ ಬಾಯಿ ಹತ್ತು ತೆರೆಯಬೇಕಂತೆ. ಪಟ್ಟಿ ಇಲ್ಲ, ಟೇಪಿಲ್ಲ, ಸಿಸ್ಟರ ಎರಡು ಬೆರಳೇ ಅಳತೆ.

ಹೆರಿಗೆ ಕೋಣೆಯಲ್ಲಿ ಮೂರು ಹಾಸಿಗೆ, ನಡುವೆ ಹಸಿರು ಪರದೆ. ಗೋಡೆಯ ಮೇಲೆ ದೊಡ್ಡ ಗಡಿಯಾರ, ನೋವಿನಲ್ಲಿರುವವರಿಗೆ ಹೊತ್ತು ಹೋಗುತ್ತಿಲ್ಲ ಅಂತ ಖಾತರಿ ಮಾಡುವುದಕ್ಕೆ. ಎಲ್ಲರ ಮುಖಕ್ಕೂ ಮಾಸ್ಕು. ನನಗೂ ಒಂದು ಕೊಟ್ಟರು. ಡಾಕ್ಟರಮ್ಮ ಯಾರು, ಸಿಸ್ಟರ್ ಯಾರು, ನೆಲ ಒರೆಸುವವಳು ಯಾರು ಒಂದೂ ಗೊತ್ತಾಗುವುದಿಲ್ಲ. ಹುಬ್ಬು ನೋಡಿ ಮಾತಾಡಿಸಬೇಕು. ಇಲ್ಲಿನ ಯಜಮಾನಿ ಒಬ್ಬರು ದೊಡ್ಡ ಸಿಸ್ಟರು, ಬಿಳಿ ಹುಬ್ಬಿನವರು. ಅವರು ಮಾಸ್ಕಿನೊಳಗೆ ಏನಂದರೂ ನನಗೆ ಗುಂಯ್ ಅನ್ನುತ್ತದೆ. ನಾನು ತಲೆಯಾಡಿಸುತ್ತೇನೆ.

ಮಗಳಿಗೆ ಏಳು ನಿಮಿಷಕ್ಕೊಂದು ನೋವು. "ಸೊಂಟದೊಳಗೆ ಯಾರೋ ಹ್ಯಾಂಡ್‌ಬ್ರೇಕ್ ಎಳೀತಿದಾರೆ" ಅಂದಳು. "ಎಳ್ದು ಬಿಡ್ತಿಲ್ಲ. ಬೆನ್ನು ಉಜ್ಜಮ್ಮ. ಅಲ್ಲಲ್ಲ, ಕೆಳಗೆ. ಇನ್ನೂ ಕೆಳಗೆ. ಮುಟ್ಟಬೇಡ! ಯಾಕೆ ನಿಲ್ಲಿಸ್ದೆ?"

ಮಾರ್ಚ್ 6, ಸಂಜೆ

ನಾಲ್ಕು ಸೆಂಟಿಮೀಟರು.

ಪಕ್ಕದ ಹಾಸಿಗೆಯವಳು ನಮಗಿಂತ ಆಮೇಲೆ ಬಂದು ನಮಗಿಂತ ಮುಂಚೆ ಹೆತ್ತು ಹೊರಟಳು. ರಾಂಗ್ ಸೈಡಿನಿಂದ ಓವರ್‌ಟೇಕ್ ಮಾಡಿದ ಲಾರಿಯನ್ನು ನೋಡುವ ಹಾಗೆ ಮಗಳು ಅವಳನ್ನು ನೋಡಿದಳು. ಎರಡು ಸಲ ವಾಂತಿ. ನೀರು ಕೇಳುತ್ತಾಳೆ, ಕೊಟ್ಟರೆ ಲೋಟ ತಳ್ಳುತ್ತಾಳೆ. "ಇನ್ನೆಷ್ಟು ಹೊತ್ತು?" ಅಂತ ನನ್ನನ್ನು ಕೇಳುತ್ತಾಳೆ, ನಾನೇ ಇದಕ್ಕೆ ಟೈಂಟೇಬಲ್ ಹಾಕಿದವಳ ಹಾಗೆ.

ಬೇಜಾರು. ಕೈಲಾಗದ ಬೇಜಾರು. ಬರೆಯುವುದಕ್ಕೂ ಏನಿಲ್ಲ.

ಮಾರ್ಚ್ 7, ಶನಿವಾರ, ಬೆಳಿಗ್ಗೆ ಹನ್ನೊಂದು

ಹೊರಗೆ ಬೆಂಚಿನ ಮೇಲೆ ಕೂತಿದ್ದೇನೆ. ನನ್ನನ್ನು ಹೊರಗೆ ಹಾಕಿದ್ದಾರೆ.

ಒಂಬತ್ತು ಗಂಟೆಗೆ ಎಂಟು ಸೆಂಟಿಮೀಟರು ಅಂದಿದ್ದರು. ಮಗಳು ಆಗ ಮನುಷ್ಯಳ ಹಾಗಿರಲಿಲ್ಲ. ಕೂದಲು ಹಣೆಗೆ ಅಂಟಿತ್ತು, ತುಟಿ ಒಡೆದಿತ್ತು. ನೋವು ಬಂದರೆ ಮಂಚದ ಕಂಬಿ ಹಿಡಿದು, ಹಸು ಕೂಗಿದ ಹಾಗೆ ಕೆಳದನಿಯಲ್ಲಿ ಕೂಗುತ್ತಿದ್ದಳು. ಆಮೇಲೆ, "ಅಮ್ಮ, ತಡಿಯೋಕಾಗ್ತಿಲ್ಲ. ಒತ್ತಿ ಬರ್ತಿದೆ. ತಳ್ಳಲಾ? ಕೇಳು, ತಳ್ಳಲಾ?" ಅಂದಳು.

ದೊಡ್ಡ ಸಿಸ್ಟರು ಪರದೆಯ ಆಚೆ ಇನ್ನೊಬ್ಬಳನ್ನು ನೋಡುತ್ತಿದ್ದರು. ನಾನು ಕೂಗಿ ಕೇಳಿದೆ. ಅವರು ಆ ಕಡೆಯಿಂದಲೇ ಹೇಳಿದರು. ನನಗೆ ಕೇಳಿಸಿದ್ದು: ತಳ್ಳಮ್ಮ, ತಳ್ಳು.

"ತಳ್ಳು ಮರಿ, ತಳ್ಳು ಅಂತಿದಾರೆ" ಅಂದೆ. ಅವಳ ಬೆನ್ನಿಗೆ ಕೈ ಕೊಟ್ಟು ಎತ್ತಿ ಹಿಡಿದೆ. ಒಂದಲ್ಲ, ಆರು ನೋವು. ಆರಕ್ಕೂ ನಾನು ಕಿವಿಯ ಹತ್ತಿರ ಬಾಯಿಟ್ಟು ತಳ್ಳು, ತಳ್ಳು ಅಂದೆ. ಆರಕ್ಕೂ ಅವಳು ಉಸಿರು ಕಟ್ಟಿ, ಮುಖ ನೀಲಿಯಾಗುವವರೆಗೆ ತಳ್ಳಿದಳು. ಅವಳ ಕೂಗಾಟದಲ್ಲಿ ಅವಳಿಗೆ ಬೇರೆ ಯಾರ ಮಾತೂ ಕೇಳಿಸುತ್ತಿರಲಿಲ್ಲ. ನನ್ನದೊಂದೇ.

ಸಿಸ್ಟರು ಪರದೆ ಸರಿಸಿ ಬಂದವರೇ ಮಾಸ್ಕು ಎಳೆದು ಕೂಗಿದರು. "ಯಾರು ತಳ್ಳೋಕೆ ಹೇಳಿದ್ದು?"

"ನೀವೇ ಅಂದ್ರಲ್ಲ."

"ನಾನು ತಾಳು ಅಂದೆ! ಬಾಯಿ ಪೂರ್ತಿ ತೆರೆದಿಲ್ಲ, ತಾಳಮ್ಮ ತಾಳು ಅಂತ ಅಷ್ಟು ಸಲ ಅಂದೆ!"

ಮಗಳು ನನ್ನನ್ನು ನೋಡಿದಳು. ತಳ್ಳು, ತಾಳು. ಅವಳ ಮುಖದಲ್ಲಿ ಅದು ಜೋಡಿಯಾಗಿದ್ದು ನನಗೆ ಕಂಡಿತು. ಚಿಕ್ಕಂದಿನಿಂದ ಇಂಥ ಎಷ್ಟು ಜೋಡಿ ನನ್ನ ಬಾಯಲ್ಲಿ ಕೇಳಿದ್ದಾಳೆ.

"ಇಲ್ಲೂನಾ ಅಮ್ಮ? ಇವತ್ತೂ ನಿಂಗೆ ಪದದ ಆಟ ಬೇಕಿತ್ತಾ?"

ಆಗ ನಾನು ಏನು ಮಾಡಿದೆ? ನಕ್ಕೆ. ಅಭ್ಯಾಸಬಲ. ಮಾತು ತಪ್ಪಿದಾಗಲೆಲ್ಲ ಮೊದಲು ನಗುವುದು.

"ಇವ್ರನ್ನ ಹೊರಗೆ ಕಳ್ಸಿ" ಅಂದಳು ಮಗಳು. ಅದು ಸರಿಯಾಗಿ ಕೇಳಿಸಿತು.

ಡಾಕ್ಟರಮ್ಮ ಬಂದು ನೋಡಿ ಹೋದರು. ಗರ್ಭದ ಬಾಯಿ ಊದಿಕೊಂಡಿದೆಯಂತೆ. ಇನ್ನು ಸ್ವಲ್ಪವೂ ತಳ್ಳದೆ ಎರಡು ಗಂಟೆ ತಡೆದುಕೊಂಡರೆ ಇಳಿಯಬಹುದು. ಇಲ್ಲವಾದರೆ ಆಪರೇಷನ್. ಅಳಿಯ ನನ್ನ ಎದುರಿಗೆ ಮೊಣಕಾಲೂರಿ ಕೂತು ಇದನ್ನು ಹೇಳಿದ. "ಅವಳೊಬ್ಳೇ ಇದಾಳೆ ಅತ್ತೆ ಒಳಗೆ. ಯಾರೂ ಬೇಡ ಅಂತಿದಾಳಂತೆ."

ನನಗೆ ಅಳು ಬಂತು. ಅಳಿಯ ಎದ್ದು ಹೋಗಿ ನೀರು ತಂದುಕೊಟ್ಟ.

ತಮಾಷೆ ಅಂತಲೇ ಇರಲಿ ಅಂತ ಒಂದು ಮನಸ್ಸು ಹೇಳುತ್ತಿದೆ. ಕಿಡಿಗೇಡಿ ಮುದುಕಿ ಅಂದರೆ ನನಗೇನೂ ಆಗುವುದಿಲ್ಲ, ಹಾಗೇ ಬಾಳಿದ್ದೇನೆ. ಇನ್ನೊಂದನ್ನು ಅನ್ನಿಸಿಕೊಳ್ಳುವುದಕ್ಕೆ ಆಗುವುದಿಲ್ಲ. ಆದರೆ ಅಷ್ಟು ನೋವಿನಲ್ಲಿ, ತನ್ನ ತಾಯಿ ತನ್ನ ಜೊತೆ ಆಟ ಆಡಿದಳು ಅಂದುಕೊಂಡು ಒಬ್ಬಳೇ ಮಲಗಿದ್ದಾಳೆ.

ಮಾರ್ಚ್ 7, ಹನ್ನೊಂದೂವರೆ

ಹೇಳಿದೆ.

ಬಾಗಿಲು ತಟ್ಟಿ ದೊಡ್ಡ ಸಿಸ್ಟರನ್ನು ಕರೆದೆ. "ಸಿಸ್ಟರ್, ನಂಗೆ ಕಿವಿ ಕೇಳ್ಸಲ್ಲ. ಮುಖ ಕಂಡ್ರೆ ಅರ್ಥ ಆಗತ್ತೆ, ಇಲ್ಲಾಂದ್ರೆ ಇಲ್ಲ. ಬೇಕಂತ ಮಾಡ್ಲಿಲ್ಲ ಅಂತ ನನ್ನ ಮಗಳಿಗೆ ಹೇಳಿ. ನನ್ನ ಒಳಗೆ ಬಿಡಬೇಡಿ, ಪರವಾಗಿಲ್ಲ. ಅಷ್ಟು ಹೇಳಿ ಸಾಕು."

ಅವರು ಏನೋ ಕೇಳಿದರು. ನಾನು ತಲೆಯಾಡಿಸಲಿಲ್ಲ. ಅವರೇ ಮಾಸ್ಕು ಕೆಳಗೆ ಎಳೆದು, "ಎಷ್ಟು ವರ್ಷದಿಂದ?" ಅಂದರು.

"ನಾಕು."

ಒಳಗೆ ಹೋದರು. ಎಂಟು ನಿಮಿಷವಾಯಿತು. ಈಗ ಬಾಗಿಲು ತೆರೆಯಿತು. ಕೈ ಮಾಡಿ ಕರೆಯುತ್ತಿದ್ದಾರೆ.

ಮಾರ್ಚ್ 8, ಭಾನುವಾರ

ಹೆಣ್ಣು ಮಗು. ನಿನ್ನೆ ಮಧ್ಯಾಹ್ನ ಎರಡೂ ಮುಕ್ಕಾಲಿಗೆ. ಆಪರೇಷನ್ ಆಗಲಿಲ್ಲ.

ಒಳಗೆ ಹೋದಾಗ ಮಗಳು ನನ್ನ ಕಡೆ ಮುಖ ಪೂರ್ತಿ ತಿರುಗಿಸಿ, ಹೊಸದಾಗಿ ಕಲಿಯುವವರಿಗೆ ಹೇಳುವ ಹಾಗೆ ಒಂದೊಂದೇ ಮಾತು ಬಿಡಿಸಿ, "ಬಾಯಿ ಮುಚ್ಕೋ. ಕೈ ಕೊಡು" ಅಂದಳು.

ಕೊಟ್ಟೆ. ಅಲ್ಲಿಂದ ನಾನು ಒಂದು ಮಾತೂ ಆಡಲಿಲ್ಲ. ಒತ್ತಿ ಬಂದಾಗ ತಳ್ಳದೆ, ದೀಪ ಆರಿಸುವ ಹಾಗೆ ಬಾಯಲ್ಲಿ ಊದಬೇಕು ಅಂತ ಸಿಸ್ಟರು ಮಾಡಿ ತೋರಿಸಿದರು. ನಾನು ಮಾಸ್ಕು ಗಲ್ಲಕ್ಕೆ ಇಳಿಸಿ ಅವಳ ಮುಖದ ಎದುರು ಮುಖವಿಟ್ಟು ಊದಿದೆ. ಅವಳು ನನ್ನ ತುಟಿ ನೋಡಿ ಊದಿದಳು, ನಾನು ಅವಳ ತುಟಿ ನೋಡಿ ಊದಿದೆ. ಮೈಯೆಲ್ಲ ತಳ್ಳು ಅನ್ನುವಾಗ ತಳ್ಳದೇ ಇರುವುದು ಏನು ಅಂತ ಆ ಮುಖದಲ್ಲಿ ನೋಡಿದೆ. ಕಣ್ಣಿನ ಬಿಳಿ ಕೆಂಪಾಗಿತ್ತು. ಕೆಳಗೆ ಅವಳ ಬಲಗಾಲು ಏನನ್ನೋ ಒತ್ತಿ ಒತ್ತಿ ಹಿಡಿಯುತ್ತಿತ್ತು. ಎರಡು ಗಂಟೆ ಹೀಗೇ. ನಡುವೆ ಒಂದು ಸಲ, "ಆಗಲ್ಲ, ಕುಯ್ದು ತೆಗೀರಿ, ಸಾಕು" ಅಂದಳು. ಇನ್ನೊಂದು ಸಲ ಏನೂ ಅನ್ನದೆ ನನ್ನ ಮಣಿಕಟ್ಟು ಕಚ್ಚಿದಳು. ಗುರುತು ಇದೆ.

ಆಮೇಲೆ ಸಿಸ್ಟರು ನೋಡಿ, ಮಾಸ್ಕು ಇಳಿಸಿ, ಇಬ್ಬರಿಗೂ ಕಾಣುವ ಹಾಗೆ, "ಈಗ ತಳ್ಳು" ಅಂದರು. ನಾನು ಮಗಳಿಗೆ ಅದನ್ನು ಹೇಳಲು ಹೋಗಲಿಲ್ಲ. ಅವಳೇ ಕೇಳಿಸಿಕೊಂಡಿದ್ದಳು. ಬೆಂಕಿ, ಬೆಂಕಿ ಅಂತ ಕೂಗುತ್ತಾ ಒಂದು ಗಂಟೆ ತಳ್ಳಿದಳು. ಒದ್ದೆ ಕೂದಲು ಕಂಡಿತು, ಒಳಗೆ ಹೋಯಿತು, ಮತ್ತೆ ಕಂಡಿತು. ಆಮೇಲೆ ತಲೆ, ಆಮೇಲೆ ಒಂದೇ ಸಲಕ್ಕೆ ಉಳಿದದ್ದೆಲ್ಲ ಜಾರಿ ಬಂತು.

ಮಗುವಿನ ಬಾಯಿ ಅಷ್ಟಗಲ ತೆರೆದಿತ್ತು. ಹೊರಗೆ ಬಂದು ಅಳಿಯನನ್ನು, ದನಿ ಹೇಗಿತ್ತು ಅಂತ ಕೇಳಿದೆ. "ಜೋರಾಗೇ ಇತ್ತು ಅತ್ತೆ, ಲಿಫ್ಟಿನ ಹತ್ರದವರೆಗೂ ಬಂತು" ಅಂದ.

ಸಂಜೆ ವಾರ್ಡಿಗೆ ತಂದ ಮೇಲೆ ಮಗಳು ಒಂದೇ ಮಾತು ಆಡಿದಳು. "ನಾಕು ವರ್ಷದಿಂದ ನೀನು ನಮ್ಮನ್ನ ನಗಿಸ್ತಿದೀಯ ಅಂದ್ಕೊಂಡಿದ್ದೆ. ಅಷ್ಟೂ ಸುಳ್ಳಾ?"

"ಅಷ್ಟೂ ಅಲ್ಲ. ಅರ್ಧ" ಅಂದೆ.

ಅವಳು ಆ ಕಡೆ ಮಗ್ಗುಲಾದಳು. ಇವತ್ತು ಇಡೀ ದಿನ ನನ್ನ ಹತ್ತಿರ ಮಾತಿಲ್ಲ. ಮಗು ಅವಳ ಹತ್ತಿರ, ಇಲ್ಲವೆಂದರೆ ಸಿಸ್ಟರ ಹತ್ತಿರ, ಇಲ್ಲವೆಂದರೆ ಅಳಿಯನ ಹತ್ತಿರ. ನಾನು ಬಟ್ಟೆ ಮಡಚಿದೆ. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದೆ. ಮಗುವನ್ನು ಕೊಡು ಅಂತ ಕೇಳಲಿಲ್ಲ.

ಮಾರ್ಚ್ 9, ಸೋಮವಾರ

ವಾರ್ಡಿನಲ್ಲಿ ಎಂಟು ಹಾಸಿಗೆ. ಹನ್ನೊಂದು ಗಂಟೆಗೆ ಎಲ್ಲರ ಕಡೆಯವರೂ ಬಂದು ತುಂಬಿಕೊಂಡಿದ್ದರು. ಅಳಿಯ ಔಷಧಿ ತರಲು ಹೋಗಿದ್ದ. ಮಗಳು ತಲೆ ಬಗ್ಗಿಸಿ ಮಗುವಿನ ಬಟ್ಟೆ ಸರಿಮಾಡುತ್ತಾ ಏನೋ ಅಂದಳು.

"ಏನು? ಕೇಳಿಸ್ಲಿಲ್ಲ" ಅಂದೆ.

ಇನ್ನೊಂದು ಸಲ ಅಂದಳು.

"ಇಲ್ಲ ಮರಿ, 'ಹಿಡಿ' ಅನ್ನೋದೊಂದು ಬಂತು. ಈ ಕಡೆ ತಿರುಗಿ ಹೇಳು."

ತಿರುಗಿದಳು. ಕಲಿಸುವ ಕಾರಿನಲ್ಲಿ ಎದುರಿಗೆ ಬಸ್ಸು ಬಂದಾಗ ತೆಗೆಯುವ ದನಿ ತೆಗೆದಳು. "ಮಗು ಹಿಡ್ಕೋ! ನಾನು ಟಾಯ್ಲೆಟ್ಟಿಗೆ ಹೋಗ್ಬೇಕು!"

ಎಂಟು ಹಾಸಿಗೆಯೂ ತಿರುಗಿ ನೋಡಿತು. ಎದುರು ಹಾಸಿಗೆಯವಳ ಅಜ್ಜ ಕೈ ಎತ್ತಿ ಏನೋ ಹೇಳಿದರು. ಹೋಗಿ ಬಾಮ್ಮ, ನಿಧಾನ ಅಂದರಂತೆ. ವಾರ್ಡೆಲ್ಲ ನಕ್ಕಿತು. ಮಗಳಿಗೂ ನಗು ಬಂತು. ನಕ್ಕರೆ ಹೊಲಿಗೆ ಎಳೆಯುತ್ತದೆ, ಹಾಗಾಗಿ ನಗುತ್ತಾ, ನನ್ನನ್ನು ಬೈಯುತ್ತಾ, ಮಗುವಿನ ತಲೆಯ ಕೆಳಗೆ ನನ್ನ ಮೊಣಕೈ ಹೇಗಿರಬೇಕು ಅಂತ ಎರಡು ಸಲ ಸರಿಮಾಡಿ, ಗೋಡೆ ಹಿಡಿದುಕೊಂಡು ಹೋದಳು.

ವಾಪಸ್ ಬಂದು ಮಲಗಿದಳು. ಮಗುವನ್ನು ಕೇಳಲಿಲ್ಲ. ನಿದ್ದೆ ಹೋಗಿದ್ದಾಳೆ.

ಇವತ್ತಿನ ಅಕ್ಷರ ಸೊಟ್ಟಗಿದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಖಾಲಿಯಿಲ್ಲ.